ಆರುವ ಮೊದಲೇ ತೆಗೆದ ಕೊಳವಿ

ಹರಳು ಸುಟ್ಟದ್ದು ಅವಸರಕ್ಕ. ಕರೆಂಟು ಹೋಗಿದ್ದಕ್ಕಲ್ಲ. ಆವತ್ತು ಕರೆಂಟು ಹೋಗಿರಲೇ ಇಲ್ಲ. ಕಾಲೇಜಿನಾಗ ಯಾರು ಏನರ ಹೇಳಲಿ, ಒಲಿ ಮುಂದ ಕುಂತಾಕಿ ನಾನು.

ನಾನು ಕಾಲೇಜಿನ ಲ್ಯಾಬಿಗೆ ಕಸ ಹೊಡಿಲಿಕ್ಕೆ ಸೇರಿದಾಕಿ. ಸಾಲಿ ಕಲಿತದ್ದು ಅಕ್ಷರ ಕೂಡಿಸಿ ಓದೋ ಅಷ್ಟು. ಅಲ್ಲಿ ಏನು ಮಾಡ್ತಾರ ಅಂತ ಮನಿಯಾಗ ಕೇಳಿದರ, ವಜ್ರಕ್ಕ ಕುಂದು ಹಾಕ್ತಾರ ಅಂತಿದ್ದೆ. ಸೊಸಿ ನಗತಿದ್ದಳು. ಕುಂದು ಇಲ್ಲದ್ದನ್ನ ಹುಡುಕ್ಕೊಂಡು ಜನ ಅಂಗಡಿ ಅಂಗಡಿ ತಿರುಗ್ತಾರ, ನಿಮ್ಮ ಮೇಡಂ ಇದ್ದದ್ದನ್ನ ಕೆಡಸಾಕ ಕುಂತಾರೇನು ಅಂತ. ಕಾಲೇಜಿನ ವೈರ್‌ಮನ್ ಅಂತೂ ನನಗ ವಜ್ರದ ಆಯಿ ಅಂತ ಹೆಸರಿಟ್ಟಿದ್ದ. ಕಸ ಹೊಡಿಯುವಾಗ ಒಂದು ಚೂರು ಬಿದ್ದರ ಹೇಳು ಆಯಿ, ಹೆಂಡತಿಗೆ ಮೂಗುಬೊಟ್ಟು ಮಾಡಸ್ತೀನಿ ಅಂತಿದ್ದ. ಬಿದ್ದರ ನಾನೇ ಇಟ್ಕೋತೀನಿ, ನಿನ್ನ ಹೆಂಡತಿ ಮೂಗು ಹಂಗೇ ಛಲೋ ಐತಿ ಅಂತಿದ್ದೆ.

ಮೂಗುಬೊಟ್ಟಿಗೆ ಬರೋ ವಜ್ರ ಅಲ್ಲ ಅದು. ಯಂತ್ರದಾಗ ಬೆಳೆಸಿದ್ದು. ತೊಗರಿಬ್ಯಾಳಿಯಷ್ಟು ಅಗಲ, ಉಗುರಿನಷ್ಟು ತೆಳು. ಲ್ಯಾಬು ನಡಸೋ ಮೇಡಂ ಕುಷ್ಟಗಿ ಕಡಿಯವರು, ಒಕ್ಕಲತನದ ಮನಿತನ. ಅದಕ್ಕ ನನಗ ತಿಳಿಯೋಹಂಗ ಹೇಳಿದರು. ವಜ್ರದೊಳಗ ಇದ್ದಲಿನ ಕಣ ಸಾಲು ಹಿಡಿದು ಕುಂತಿರತಾವು, ಕೂರಿಗಿಲೆ ಬಿತ್ತಿದಂಗ. ದೂರದ ಊರಾಗ ಒಂದು ದೊಡ್ಡ ಯಂತ್ರ ಐತಿ. ಅಲ್ಲಿ ಸಾರಜನಕದ ಕಣ ತಗೊಂಡು ಹರಳಿನ ಮೈಗೆ ಹೊಡಿತಾರ. ಆ ಹೊಡೆತಕ್ಕ ಸಾಲಿನಾಗ ಅಲ್ಲೊಂದು ಇಲ್ಲೊಂದು ಬ್ಯಾರೆ ಕಾಳು ಬಂದು ಕೂಡತೈತಿ. ಕೆಲವು ಕಡಿ ಇದ್ದ ಕಾಳು ಎದ್ದುಹೋಗಿ ಜಾಗ ಖಾಲಿ ಬೀಳತೈತಿ. ಆಮ್ಯಾಲ ಎಂಟುನೂರು ಡಿಗ್ರಿಗೆ ಕಾಸಿದರ ಆ ಖಾಲಿ ಜಾಗ ಸರಿದು ಸರಿದು ಬ್ಯಾರೆ ಕಾಳಿನ ಮಗ್ಗಲಿಗೆ ಬಂದು ನಿಲ್ಲತೈತಿ. ಒಂದು ಬ್ಯಾರೆ ಕಾಳು, ಮಗ್ಗಲಿಗೆ ಒಂದು ಖಾಲಿ ಜಾಗ. ಈ ಜೋಡಿನೇ ಅವರಿಗೆ ಬೇಕಾದ ಕುಂದು. ಅದರ ಮ್ಯಾಲ ಹಸಿರು ಬೆಳಕು ಬಿಟ್ಟರ ಕೆಂಪು ಬೆಳಕು ತಿರುಗಿ ಕೊಡತೈತಿ. ಸನೇಕ ಅಯಸ್ಕಾಂತ ತಂದರ ಆ ಬೆಳಕಿನಾಗ ಫರಕು ಬೀಳತೈತಿ. ಮುಂದ ಬರೋ ಹೊಸ ನಮೂನಿ ಕಂಪ್ಯೂಟರಿಗೆ, ಮೈಯೊಳಗಿನ ಸಣ್ಣ ಸಣ್ಣ ಬ್ಯಾನಿ ಹುಡುಕೋ ಯಂತ್ರಕ್ಕ ಇದು ಬೇಕಾಗತೈತಿ ಅಂದರು.

ಒಂದು ಮಾತು ಒತ್ತಿ ಹೇಳಿದ್ದರು. ಈ ಕುಂದು ಹರಳಿನ ಹೊಟ್ಟಿಯಾಗ ಇರೋದಿಲ್ಲ, ಮ್ಯಾಲಿನ ತೊಗಲಿನಾಗ ಇರತೈತಿ. ಕೂದಲನ್ನ ಸಾವಿರಾರು ಸೀಳು ಮಾಡಿದರ ಒಂದು ಸೀಳು ಎಷ್ಟೋ ಅಷ್ಟೇ ಆಳ. ಅಷ್ಟು ಕಾದಾಗ ಗಾಳಿ ತಾಕಿದರ ವಜ್ರನೂ ಇದ್ದಲಿನಂಗ ಸುಡತೈತಿ, ತೊಗಲು ಹೋತು ಅಂದ್ರ ಕುಂದೂ ಹೋತು. ಅದಕ್ಕ ಹರಳನ್ನ ದೋಣಿಹಂಗಿರೋ ದಪ್ಪನ ಪಿಂಗಾಣಿ ಬಟ್ಟಲದಾಗ ಇಟ್ಟು, ದೋಣಿನ್ನ ಕರೆಂಟಿನ ಒಲಿಯಾಗಿನ ಗಾಜಿನ ಕೊಳವಿಯೊಳಗ ತಳ್ಳಿ, ಪಂಪು ಹಚ್ಚಿ ಗಾಳಿ ಪೂರಾ ಎಳೆದು ಕಾಸಬೇಕು. ಪೂರಾ ಆರೋತನಕ ಗಾಳಿ ಬಿಡಬಾರದು.

ಮೊದಲನೇ ಹರಳು ಕೆಟ್ಟದ್ದು ಧೂಳಿಗೆ. ನಮ್ಮ ಕಡಿ ಗಾಳಿ ತಿರುಗಿದರ ಕಬ್ಬಿಣದ ಕಾರ್ಖಾನಿ ಕರಿ ಧೂಳು ಬರತೈತಿ, ಒಣಹಾಕಿದ ಸೀರಿ ಮ್ಯಾಲ ಕುಂದರತೈತಿ, ಹೊಲದಾಗ ಹತ್ತಿ ಮ್ಯಾಲ ಕುಂದರತೈತಿ. ಲ್ಯಾಬಿನ ಕಿಡಕಿಗೆ ಹಸಿ ಬಟ್ಟಿ ಕಟ್ಟೋದು, ಮೇಜಿನ ಮ್ಯಾಲ ಅಯಸ್ಕಾಂತ ಎಳೆದು ಕರಿ ಹುಡಿ ತೆಗೆಯೋದು ನನ್ನ ಕೆಲಸ ಆತು. ಎರಡನೇದು ಕೆಟ್ಟದ್ದು ಒಬ್ಬ ಕಲಿಯೋ ಹುಡುಗಿ ಆರಿತು ಅಂತ ತಿಳಿದು ಕೊಳವಿ ಬಿಚ್ಚಿದ್ದಕ್ಕ. ಆವತ್ತು ಮೇಡಂ ಆ ಹುಡುಗಿಗೆ ಏನೂ ಅನಲಿಲ್ಲ. ಕೊಳವಿ ಬಾಯಿಯ ಬೋಲ್ಟು ಬಿಚ್ಚೋ ಪಾನಾ ತಂದು ನನ್ನ ಕೈಯಾಗ ಕೊಟ್ಟರು.

"ಇದು ನಿಮ್ಮ ಹತ್ರ ಇರ್ಲಿ, ಆಯಿ. ಆರೋತನಕ ಯಾರಿಗೂ ಕೊಡಬ್ಯಾಡ್ರಿ. ನಾ ಕೇಳಿದ್ರೂ ಕೊಡಬ್ಯಾಡ್ರಿ."

ಪಾನಾ ನನ್ನ ಎಲಿಅಡಿಕಿ ಸಂಚಿಯೊಳಗ ಹೋತು. ಸುಣ್ಣದ ಡಬ್ಬಿ, ಅಡಕೊತ್ತು, ಪಾನಾ.

ಮೂರನೇ ಹರಳು ಆ ದೂರದ ಊರಿಂದ ಛಲೋ ಹೊಡೆಸಿಕೊಂಡು ಬಂತು. ಕತ್ತರಿಸುವಾಗ ಅಂಚಿನ ಒಂದು ಚೂರಿಗೆ ಬಿರುಕು ಬಿತ್ತು. ಅದನ್ನ ಬ್ಯಾರೆ ಇಟ್ಟರು. ದೊಡ್ಡ ತುಂಡು ಒಂದೇ. ಹೊಸ ವರ್ಷ ಹುಟ್ಟೋದ್ರಾಗ ಲ್ಯಾಬಿಗೆ ರೊಕ್ಕ ಕೊಟ್ಟವರ ಕಡಿಯಿಂದ ನೋಡೋ ಮಂದಿ ಬರೋರಿದ್ದರು. ನಮ್ಮ ಒಲಿಯಾಗ ಕಾಸಿದ ಹರಳು ಕೆಂಪಗ ಬೆಳಗಿದ್ದು ಅವರಿಗೆ ತೋರಿಸಿದರ ಲ್ಯಾಬು ಉಳಿತದ, ಇಲ್ಲಂದ್ರ ಆ ಖೋಲಿಗೆ ಪರೀಕ್ಷಾ ಪೇಪರಿನ ಗಂಟು ತುಂಬತೀವಿ ಅಂತ ಕಾಲೇಜಿನ ದೊಡ್ಡ ಸರ್ ಮೊದಲೇ ಹೇಳಿಬಿಟ್ಟಿದ್ದರು.

ಎಳ್ಳ ಅಮಾಸಿ ಹಿಂದಿನ ದಿನಕ್ಕ ಕಾಸೋದು ಮುಗಿಬೇಕಿತ್ತು. ಪಂಪು ಎಳಿಲಿಲ್ಲ. ಗಾಳಿ ಅಳೆಯೋ ಸೂಜಿ ಇಳಿತಿತ್ತು, ಒಂದು ಕಡಿ ಬಂದು ನಿಂತುಬಿಡತಿತ್ತು. ಎಲ್ಲೋ ಗಾಳಿ ಸೋರತೈತಿ ಅಂತ ಮೇಡಂ ಒಂದೊಂದೇ ಕೂಡುಗಡಿಗೆ ಸ್ಪಿರಿಟ್ ಹಚ್ಚಿ ನೋಡಿದರು. ಸಂಜಿ ಮುಂದ ಸಿಕ್ಕಿತು. ಕೊಳವಿ ಬಾಯಿಯ ರಬ್ಬರ್ ಉಂಗುರದ ಅಡಿಗೆ ಒಂದು ಕರಿ ಕಣ. ನನ್ನ ಕಣ್ಣು ತಪ್ಪಿಸಿದ್ದು. ಒರೆಸಿ ಮತ್ತ ಕೂಡಿಸಿದರು. ಮತ್ತ ಎಳೆದು, ನಿಧಾನಕ ಏರಿಸಿ, ಎಂಟುನೂರಕ್ಕ ನಿಲ್ಲಿಸಿ, ಒಲಿ ಆರಿಸೋದ್ರಾಗ ಅಮಾಸಿ ದಿನದ ಬಿಸಿಲು ಕಿಡಕಿಗೆ ಬಂದಿತ್ತು.

ಎಳ್ಳ ಅಮಾಸಿ ದಿನ ನಮ್ಮ ಕಡಿ ಊರಾಗ ಯಾರೂ ಇರೋದಿಲ್ಲ. ಬುಟ್ಟಿ ಹೊತ್ತು ಎಲ್ಲಾರೂ ಹೊಲಕ್ಕ ಹೋಗತಾರ, ನಿಂತ ಬೆಳಿಗೆ ಎಡಿ ಅಂತ ಅಡಗಿ ಎರಚಿ ಚರಗ ಚೆಲ್ಲಿ ಅಲ್ಲೇ ಉಂಡು ಬರತಾರ. ಕಾಲೇಜು ಖಾಲಿ. ವೈರ್‌ಮನ್ ಯಲಬುರ್ಗಿ ಕಡಿ ತನ್ನ ಹೊಲಕ್ಕ ಹೋಗಿದ್ದ, ಹೋಗೋ ಮುಂದ ನನಗಷ್ಟೇ ಹೇಳಿ ಹೋಗಿದ್ದ. ಒಲಿ ಬಿಸಿ ಇರೋತನಕ ಖೋಲಿಯಾಗ ಇಬ್ಬರು ಇರಬೇಕು ಅನ್ನೋದು ಮೇಡಂ ಮಾಡಿದ ಕಟ್ಟು. ಇದ್ದದ್ದು ಅವರು, ನಾನು. ನಮ್ಮ ಹೊಲ ಇರಕಲ್ಲಗಡ ದಾರ್ಯಾಗ. ನಮ್ಮ ಮನ್ಯಾಗ ಚರಗದ ಬುಟ್ಟಿ ಹಿರೇ ಹೆಣಮಗಳ ತಲಿ ಮ್ಯಾಲೇ ಹೋಗಬೇಕು, ಮೊದಲನೇ ಚರಗ ಆಕಿ ಕೈಲೇ ಬೀಳಬೇಕು. ನನ್ನ ಅತ್ತಿ ಸತ್ತ ಮ್ಯಾಲಿಂದ ಅದು ನಾನು. ನಾ ಹೋಗೋತನಕ ಯಾರೂ ಉಣ್ಣಂಗಿಲ್ಲ.

ಮಗ ಫೋನು ಮಾಡಿದ. ಟ್ರ್ಯಾಕ್ಟರ್ ನಿಂತೈತಿ ಅಂದ. ಆಮ್ಯಾಲ ಮೊಮ್ಮಗಳು ಮಾಡಿದಳು. ಸಜ್ಜಿ ರೊಟ್ಟಿ ಆರಿ ಹೋಗಾಕತ್ತಾವ, ಶೇಂಗಾ ಹೋಳಿಗಿ ಡಬ್ಬಿ ನಾನೇ ತೆಗಿತೀನಿ ನೋಡು ಅಂದಳು. ನಾನೇನು ಬಾಯಿ ಮುಚ್ಚಿಕೊಂಡು ಕುಂತಿರಲಿಲ್ಲ. ಈ ಕೊಳವಿ ಆರೋದ್ರಾಗ ನನ್ನ ಮನಿಮಂದಿ ಆರತಾರ ಅಂತ ಕೇಳೋಹಂಗ ಅಂದೆ. ಮೇಡಂಗೂ ಹೊಲಕ್ಕ ಬರ್ರಿ ಅಂತ ಹೇಳಿಟ್ಟಿದ್ದೆ. ಹೂಂ ಅಂದಿದ್ದರು. ಹಬ್ಬದ ದಿನ ಒಬ್ಬ ಮುದುಕಿನ್ನ ಕೂಡಿಸಿಕೊಂಡೆ ಅನ್ನೋದು ಅವರ ಮನಸಿಗೆ ಚುಚ್ಚತಿತ್ತು. ನಾ ಚುಚ್ಚತಾನೂ ಇದ್ದೆ.

ಅವರು ಎದ್ದು ಟೇಬಲ್ ಫ್ಯಾನು ತಂದು ಕೊಳವಿ ಮ್ಯಾಲ ಹಚ್ಚಿದರು. ಕಾವು ತೋರಿಸೋ ಮೀಟರಿನಾಗ ಅಂಕಿ ಸರಸರ ಇಳಿಲಿಕ್ಕೆ ಹತ್ತಿತು. ಇಬ್ಬರೂ ಅದನ್ನೇ ನೋಡಿಕೋತ ಕುಂತೆವು. ಮತ್ತೊಂದು ಸಲ ಫೋನು ಹೊಡೆಯಿತು.

"ಸಾಕು, ಆಯಿ. ಇಳದೈತಿ. ಪಾನಾ ಕೊಡ್ರಿ, ಇದನ್ನ ತಗದಿಟ್ಟು ಹೋಗೇಬಿಡೂಣು."

"ಕೇಳಿದ್ರೂ ಕೊಡಬ್ಯಾಡ ಅಂದವರು ನೀವ."

"ಮೀಟರ್ ನೋಡ್ರಿ."

ನೋಡಿದೆ. ಕೆಂಡ ತಗದ ಮ್ಯಾಲೂ ಹಂಚು ಕೈ ಸುಡತೈತಿ ಅನ್ನೋದು ರೊಟ್ಟಿ ಬಡಿಯೋ ಯಾವ ಹೆಂಗಸಿಗೂ ಗೊತ್ತು. ಗೊತ್ತಿದ್ದೂ ಸಂಚಿ ಬಿಚ್ಚಿ ಪಾನಾ ಕೊಟ್ಟೆ. ನನಗ ಹೊಲ ಕಾಣತಿತ್ತು.

ಗಾಳಿ ಒಳಗ ಬಿಡೋ ತಿರುಪು ಸಡಿಲ ಮಾಡಿದರು. ಸುಂಯ್ ಅಂತ ಒಳಗ ಎಳಕೊಂಡಿತು. ಬೋಲ್ಟು ಬಿಚ್ಚಿ ಇಕ್ಕಳದಿಂದ ದೋಣಿ ಹೊರಗ ಎಳೆದರು. ಕಿಡಕಿ ಬಿಸಿಲು ನೆಟ್ಟಗ ಅದರ ಮ್ಯಾಲ ಬೀಳತಿತ್ತು. ಅಂಥ ಬೆಳಕಿನಾಗ ಕಾದ ಕೆಂಪು ಇದ್ದರೂ ಕಾಣೋದಿಲ್ಲ. ಮೇಜಿನ ಮ್ಯಾಲ ಹತ್ತಿ ಬಟ್ಟಿ ಮಡಚಿ ಇಟ್ಟಿದ್ದೆ, ದೋಣಿ ಅದಕ್ಕ ತಾಕಿದ್ದೇ ತಡ, ಬಟ್ಟಿ ಕರ್ರಗಾಗಿ ಹೊಗಿ ಎದ್ದಿತು. ಮೇಡಂ ಕೈ ಅಲ್ಲೇ ನಿಂತಿತು. ಹರಳು ನೋಡಿದೆವು. ಒಳಗ ಹೋಗುವಾಗ ನೀರಿನ ಹನಿಹಂಗ ಇತ್ತು. ಈಗ ಬಾಯಿ ಉಸುರು ಬಿಟ್ಟ ಕನ್ನಡಿಹಂಗ ಮಬ್ಬಾಗಿತ್ತು.

ಆಮ್ಯಾಲ ಅವರು ನನ್ನ ಕಡಿ ನೋಡದೇ ನೀವು ನಡೀರಿ ಆಯಿ, ಹೊತ್ತಾತು ಅಂದರು. ತಾವು ಬರಲಿಲ್ಲ. ನಾ ಹೋದೆ. ಬುಟ್ಟಿ ಹೊತ್ತೆ. ಚರಗ ಚೆಲ್ಲಿದೆ. ಉಂಡೆ. ಸುಳ್ಳು ಯಾಕ ಹೇಳಲಿ, ಹಸಿವಾಗಿತ್ತು.

ಮರುದಿನ ಹಸಿರು ಬೆಳಕು ಬಿಟ್ಟು ನೋಡಿದರು. ಹರಳಿನ ಮೈ ತುಂಬ ಕತ್ತಲು. ಒಂದು ಮೂಲಿಗೆ ಮಾತ್ರ ಸಣ್ಣಗ ಕೆಂಪು. ಆ ಮೂಲಿ ದೋಣಿಯ ಅಂಚಿಗೆ ಒತ್ತಿ ಕುಂತಿತ್ತು, ಗಾಳಿ ಅಷ್ಟು ತಾಕಿರಲಿಲ್ಲ. ಏನಾತು ಅನ್ನೋದು ಅವರೇ ಬಿಡಿಸಿ ಹೇಳಿದರು. ಮೀಟರಿನ ತಂತಿ ಮುಟ್ಟಿದ್ದು ಕೊಳವಿಯ ಹೊರ ಮೈಗೆ. ಫ್ಯಾನು ಆರಿಸಿದ್ದು ಹೊರ ಮೈಯನ್ನ. ಒಳಗ ಗಾಳಿನೇ ಇಲ್ಲ, ದಪ್ಪ ದೋಣಿಯ ಕಾವು ಹೊರಗ ಬರಲಿಕ್ಕೆ ದಾರಿ ಇರಲಿಲ್ಲ. ನಾವು ನೋಡಿದ ಅಂಕಿ ಖರೇನೇ, ಆದರ ಅದು ಹರಳಿನದ್ದಲ್ಲ. ಇದನ್ನ ನಾನೇ ಹುಡುಗ್ರಿಗೆ ಪಾಠ ಮಾಡ್ತೀನಿ ಅಂದರು. ನಗಲಿಲ್ಲ.

ದೊಡ್ಡ ಸರ್ ಬಂದರು, ಕೇಳಿದರು, ಒಂದು ತಾಸು ಖೋಲಿಯಾಗ ಅಡ್ಡಾಡಿದರು. ಕಡೀಕ ಅವರೇ ದಾರಿ ತೆಗೆದರು. ಅಮಾಸಿ ದಿನ ಕರೆಂಟು ಹೋತು, ಪಂಪು ನಿಂತಿತು, ಗಾಳಿ ಒಳಗ ಹೋತು. ಬಂದವರು ಪಾಪ ಅಂತಾರ, ಇನ್ನೊಂದು ವರ್ಷ ಕೊಡತಾರ, ಮ್ಯಾಲೊಂದು ದೊಡ್ಡ ಬ್ಯಾಟರಿನೂ ಕೊಡತಾರ. ನನ್ನ ಕಡಿ ತಿರುಗಿ, ಕೇಳಿದ್ರ ಹಂಗೇ ಹೇಳಬೇಕು ಅಂದರು. ಮೇಡಂ ಹೂಂ ಅನಲಿಲ್ಲ, ಉಹೂಂ ಅನಲಿಲ್ಲ. ನೆಲ ನೋಡಿಕೋತ ನಿಂತರು. ನಾನೂ ಸುಮ್ಮನಿದ್ದೆ. ಕರೆಂಟಿಗೇನು, ನಮ್ಮೂರಾಗ ಅದು ದಿನಾ ಹೋಗತೈತಿ. ಅದರ ಮ್ಯಾಲ ಒಂದು ಸುಳ್ಳು ಹೇರಿದರ ಅದಕ್ಕೇನು ನೋವಾಗತೈತಿ ಅನಕೊಂಡೆ.

ನೋವಾದದ್ದು ಬ್ಯಾರೆಯವರಿಗೆ. ಕರೆಂಟು ಹೋತು ಅಂದ ಮ್ಯಾಲ ಜನರೇಟರ್ ಯಾಕ ಚಾಲೂ ಆಗಲಿಲ್ಲ ಅಂತ ಯಾರರ ಕೇಳತಾರಲ್ಲ. ಅದಕ್ಕ ಉತ್ತರ ಬೇಕಾತು. ವೈರ್‌ಮನ್ ಸರ್‌ಗೆ ಹೇಳದೇ ಕೇಳದೇ ಹೊಲಕ್ಕ ಹೋಗಿದ್ದ. ಗುತ್ತಿಗಿ ಮ್ಯಾಲ ಇರೋ ಮನಿಷಾ. ಮುಂದಿನ ತಿಂಗಳಿಂದ ಬರೋದು ಬ್ಯಾಡ ಅಂದರು.

ಅವ ನಾ ನೀರು ತುಂಬೋ ನಳದ ಹತ್ರ ಬಂದು ನಿಂತ. ಆವತ್ತು ಮೂಗುಬೊಟ್ಟಿನ ಮಾತು ತೆಗಿಲಿಲ್ಲ. ಕೈಯಾಗ ಟೆಸ್ಟರ್ ತಿರುಗಿಸಿಕೋತ ಕೇಳಿದ:

"ಆಯಿ, ನಾ ಹೊಲಕ್ಕ ಹೋಗಿದ್ದೆ, ಖರೇ. ಯಾರು ಹೋಗಿಲ್ಲ? ಆದ್ರ ನೀ ಒಳಗ ಇದ್ದಿ. ಆವತ್ತ ಕರೆಂಟ್ ಹೋಗಿತ್ತೇನ?"

ನಾ ಕೊಡ ಎತ್ತಿ ಸೊಂಟಕ್ಕ ಇಟ್ಟುಕೊಂಡೆ. ನಾಳೆ ಹೇಳತೀನಿ ಅಂದೆ. ಅವ ಮತ್ತ ಕೇಳಲಿಲ್ಲ. ಕೇಳಿದ್ದರ ಬೈದು ಕಳಸತಿದ್ದೆ. ಕೇಳದೇ ಹೋದದ್ದಕ್ಕ ಆ ಮಾತು ನನ್ನ ಹಿಂದೆ ಮನಿತನಕ ಬಂತು.

ಮಂದಿ ಬರೋ ದಿನ ಮುಂಜಾನೆ ನೆಲ ಒರೆಸಿ, ಮೇಜಿನ ಮ್ಯಾಲ ಅಯಸ್ಕಾಂತ ಎಳೆದು, ಮೇಡಂ ಬರೋದನ್ನೇ ಕಾಯ್ದೆ. ಯಾವಾಗಲೂ ಮೇಡಂ ಅಂತೀನಿ, ರಿ ಹಚ್ಚತೀನಿ. ಆವತ್ತು ಹಚ್ಚಲಿಲ್ಲ.

"ಯವ್ವಾ, ಆ ವೈರ್‌ಮನ್ನನ ತಗದಾರಂತ, ಗೊತ್ತೇನ?"

ಗೊತ್ತು ಅಂದಳು.

"ಇವತ್ತ ನೀ ಹೇಳ್ತಿಯೋ, ನಾ ಹೇಳ್ಲೋ? ನನ್ನ ಬಾಯಾಗ ಬಂದ್ರ ಛಂದ ಇರಂಗಿಲ್ಲ."

"ಹೇಳಿದ್ರ ಲ್ಯಾಬ್ ಮುಚ್ತಾರ, ಆಯಿ. ನಿಮ್ಮ ಕೆಲಸಾನೂ ಹೋಗತೈತಿ."

"ನಂದು ಬಿಡು. ಕಸ ಎಲ್ಲಾ ಕಡೀನೂ ಬೀಳತೈತಿ."

ಆಕಿ ಕಣ್ಣಾಗ ನೀರು ಬಂತು. ನಾನೇನು ಒರೆಸಲಿಕ್ಕೆ ಹೋಗಲಿಲ್ಲ. ನನ್ನ ಸಲುವಾಗಿ ಆಕಿ ಅವಸರ ಮಾಡಿದ್ದಳು, ಅದು ನನಗ ಗೊತ್ತು. ಹಂಗಂತ ಆಕಿ ಸಲುವಾಗಿ ನಾ ಇನ್ನೊಬ್ಬನ ಅನ್ನ ಕಸಿಲಿಕ್ಕೆ ಬರೋದಿಲ್ಲ. ಪಾನಾ ಕೊಟ್ಟಾಕಿ ನಾನು, ಅದನ್ನೂ ಹೇಳು ಅಂದೆ.

ಬಂದವರು ಇಬ್ಬರು. ಒಬ್ಬರು ವಯಸ್ಸಾದ ಗಂಡಸರು, ಒಬ್ಬರು ಹೆಣಮಗಳು. ದೊಡ್ಡ ಸರ್ ಅವರನ್ನ ಕೂಡಿಸಿ ಕರೆಂಟಿನ ಕಥಿ ಚಾಲೂ ಮಾಡಿದರು. ಛಲೋ ಹೇಳಿದರು, ಕೇಳಿಕೋತ ನನಗೂ ಕರೆಂಟು ಹೋದಂಗ ಅನಿಸಿತು. ನಾ ಚಾ ಕೊಟ್ಟೆ. ಕೊಟ್ಟ ಮ್ಯಾಲ ಹೊರಗ ಹೋಗಬೇಕು, ಹೋಗಲಿಲ್ಲ. ತಟ್ಟಿ ಹಿಡಕೊಂಡು ಬಾಗಲಕ್ಕ ನಿಂತೆ. ಸರ್ ಕಣ್ಣಿಲೆ ಹೋಗು ಅಂದರು. ನಾ ಮೇಡಂ ಕಡಿ ನೋಡಿದೆ.

ಮೇಡಂ ಎದ್ದು ನಿಂತರು.

"ಕರೆಂಟ್ ಹೋಗಿರ್ಲಿಲ್ಲ. ಆರೋದ್ರೊಳಗ ನಾನೇ ತೆಗದೆ. ಹೊರಗಿನ ಅಂಕಿ ನೋಡಿ ಮೋಸ ಹೋದೆ."

ಪಾನಾದ ಮಾತು ಹೇಳಲಿಲ್ಲ. ನಾ ಹೇಳಲಿಕ್ಕೆ ಬಾಯಿ ತೆಗೆದೆ, ಕೈ ಮಾಡಿ ತಡೆದರು. ಸರ್ ಮಾರಿ ನೋಡೋಹಂಗ ಇರಲಿಲ್ಲ. ವಯಸ್ಸಾದವರು ಚಾ ಕೆಳಗ ಇಟ್ಟರು. ಆ ಹೆಣಮಗಳು ಮಾತ್ರ ಸುಟ್ಟ ಹರಳು ತೋರಿಸ್ರಿ ಅಂದರು. ಹಸಿರು ಬೆಳಕು ಬಿಟ್ಟರು. ಮೂಲಿಯ ಆ ಸಣ್ಣ ಕೆಂಪು ಕಂಡಿತು. ಅಯಸ್ಕಾಂತ ತಂದು ಹಿಡಿದರು, ಕಂಪ್ಯೂಟರ್ ಪರದೆ ಮ್ಯಾಲಿನ ಗೆರಿ ಅಲುಗಿದಂಗ ಆತು, ಅಲುಗಿತೋ ಇಲ್ಲೋ ಅಂತ ಇಬ್ಬರೂ ಬಗ್ಗಿ ನೋಡಿದರು. ಇದರ ಮ್ಯಾಲ ಏನೂ ಹೇಳಾಕ ಬರಂಗಿಲ್ಲ ಅಂದರು ವಯಸ್ಸಾದವರು. ನಾಳೆ ಮುಂಜಾನೆ ಆನೆಗೊಂದಿ ನೋಡಿಕೊಂಡು ಮಧ್ಯಾಹ್ನಕ್ಕ ಈ ದಾರೀಲೇ ಹೋಗತೀವಿ, ತೋರಿಸೋಹಂಗ ಏನರ ಇದ್ದರ ನಿಲ್ಲತೀವಿ, ಇಲ್ಲಂದ್ರ ನಮ್ಮ ಅಭಿಪ್ರಾಯ ಬರಕೊಂಡು ಹೋಗತೀವಿ ಅಂದರು ಹೆಣಮಗಳು.

ಅವರು ಹೋದ ಮ್ಯಾಲ ಸರ್ ಮೇಡಂಗೆ ಅಂದದ್ದನ್ನ ನಾ ಹೇಳೋದಿಲ್ಲ. ನನಗ ಅಂದದ್ದು ಇಷ್ಟೇ: ಮುದುಕಿ ಆದ ಮ್ಯಾಲ ಮನ್ಯಾಗಿರಬೇಕು. ವೈರ್‌ಮನ್ನಗ ಮುಂದಿನ ತಿಂಗಳೂ ಬಾ ಅಂತ ಫೋನು ಹೋತು. ಅವ ಬಂದ, ತನ್ನ ಕೆಲಸ ಮಾಡಿದ, ನಮ್ಮ ಖೋಲಿ ಕಡಿ ಹಾಯಲಿಲ್ಲ. ಇವತ್ತಿಗೂ ಮೇಡಂ ಜೋಡಿ ಮಾತಿಲ್ಲ. ನನಗೂ ಮೊದಲಿನಂಗ ಚೇಷ್ಟಿ ಮಾಡೋದಿಲ್ಲ.

ಉಳಿದದ್ದು ಆ ಬಿರುಕು ಬಿದ್ದ ಚೂರು. ಅದಕ್ಕೂ ಹೊಡೆತ ಬಿದ್ದಿತ್ತು, ಕಾಸಿರಲಿಲ್ಲ ಅಷ್ಟೇ. ಮೇಡಂ ಅದನ್ನ ಪೆಟಗಿಯಿಂದ ತೆಗೆದು, ಆಮ್ಲದಾಗ ಕುದಿಸಿ, ತೊಳೆದು, ದೋಣಿಯಾಗ ಇಟ್ಟರು. ಬಿರುಕಿನಾಗ ಒಡೆದರೂ ಒಡೀಬಹುದು ಅಂದರು. ನಾ ರಬ್ಬರ್ ಉಂಗುರ ಎರಡು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿ ಕೊಟ್ಟೆ. ಬೋಲ್ಟು ಬಿಗಿದ ಮ್ಯಾಲ ಪಾನಾ ಮತ್ತ ನನ್ನ ಸಂಚಿ ಸೇರಿತು. ಸಂಜಿಗೆ ಪಂಪು ಛಲೋ ಎಳೆಯಿತು. ನಾ ಮನಿಗೆ ಹೋಗಲಿಲ್ಲ. ಸೊಸಿ ಬುತ್ತಿ ಕಳಿಸಿದಳು.

ಮರುದಿನ ಮುಂಜಾನೆ ಒಲಿ ಆರಿಸಿ ಕುಂತಿದ್ದೆವು. ಫ್ಯಾನು ಹಚ್ಚಲಿಲ್ಲ. ಹೊತ್ತು ಏರಿತು. ಬಂದವರ ಫೋನು ಬಂತು, ಆನೆಗೊಂದಿ ಮುಗೀತು, ಹೊಂಟೀವಿ ಅಂತ. ಮೇಡಂ ಮೀಟರ್ ನೋಡಿದರು, ಗಡಿಯಾರ ನೋಡಿದರು, ಮತ್ತ ಮೀಟರ್ ನೋಡಿದರು. ಅಂಕಿ ಅಮಾಸಿ ದಿನ ಇದ್ದದ್ದಕ್ಕಿಂತ ಕೆಳಗೇ ಇಳಿದಿತ್ತು. ಹೊರಗ ಗೇಟಿನಾಗ ಕಾರಿನ ಸಪ್ಪಳ ಆತು.

"ಆಯಿ," ಅಂದರು. ಅಷ್ಟೇ ಅಂದರು. ಕೈ ಚಾಚಿದರು.

ನಾನು ಸ್ಟೂಲಿನಿಂದ ಎದ್ದು, ಸಂಚಿ ಸ್ಟೂಲಿನ ಮ್ಯಾಲ ಇಟ್ಟು, ಅದರ ಮ್ಯಾಲ ಕುಂತೆ.